ಸೋಫಾ ಆಮ್ಯಾಲ, ಮೊದ್ಲ ಮೀಟರ್ ಬ್ಯಾರೆ ಮಾಡಿಸ್ರಿ

ಮ್ಯಾಲಿನ ಎರಡು ರೂಮು ಖಾಲಿ ಅದಾವ, ಸ್ಟೂಡೆಂಟ್ಸ್‌ಗೆ ಬಾಡಿಗಿ ಕೊಡೋದೈತಿ, ಸೋಫಾ, ಟಿವಿ, ಮಾಡ್ಯುಲರ್ ಕಿಚನ್ ಹಾಕಿಸಿದ್ರ ಹುಡುಗ್ರಿಗೆ ಸೇರ್ತೈತೇನು, ಎರಡು ಲಕ್ಷ ಸಾಕಾಗ್ತೈತೇನು ಅಂತ ಕೇಳೀರಲ್ಲ, ಓದಿ ನಗು ಬಂತ್ರಿ, ಸಿಟ್ಟಾಗಬ್ಯಾಡ್ರಿ. ಧಾರವಾಡ ಸಪ್ತಾಪುರದಾಗ ನಾನೂ ಇದ ಮಾಡಿದ್ದೆ.

ಮಗಳ ಮದುವಿ ಆದ ಮ್ಯಾಲ ಮ್ಯಾಲಿನ ಮನಿ ಖಾಲಿ ಬಿದ್ದಿತ್ತು. ಸಪ್ತಾಪುರ ನೋಡಿದವ್ರಿಗೆ ಗೊತ್ತಿರ್ತೈತಿ, ಹೆಜ್ಜಿಗೊಂದು ಕೋಚಿಂಗ್ ಸೆಂಟರು, ನಡುವ ಖಾನಾವಳಿ, ಝೆರಾಕ್ಸ್ ಅಂಗಡಿ, ರೀಡಿಂಗ್ ಲೈಬ್ರರಿ, ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ ಸರ್ಕಾರಿ ನೌಕರಿ ಪರೀಕ್ಷಾ ಅಂತ ಬಾಗಲಕೋಟಿ, ವಿಜಯಪುರ, ಕೊಪ್ಪಳ, ರಾಯಚೂರ ಕಡಿಂದ ಹುಡುಗ್ರು ಬಂದು ಕುಂತಿರ್ತಾರ. ಬಾಡಿಗಿಗೆ ಮಂದಿ ಹುಡುಕೂದು ಇಲ್ಲಿ ಕಷ್ಟ ಅಲ್ಲ. ಆದ್ರೂ ನಾ 2023ರ ಬ್ಯಾಸಗಿಯಾಗ ಬಣ್ಣ ಹೊಡಸ್ದೆ, ಪರದೆ ಹಾಕ್ಸಿದೆ, ಒಂದು ಸೋಫಾ ತಂದು ಹಾಲಿನ ನಡುವ ಇಟ್ಟೆ. ಐದು ಮಂದಿ ಹುಡುಗ್ರು ನೋಡಾಕ ಬಂದ್ರು. ಸೋಫಾದ ಕಡೆ ಒಬ್ಬಂವ ಸೈತ ತಿರುಗಿ ನೋಡ್ಲಿಲ್ರಿ, ತಮ್ಮ ಬ್ಯಾಗ್ ಮಾತ್ರ ಅದರ ಮ್ಯಾಲ ಒಗದ್ರು. ಒಬ್ಬಂವ ಸೀದಾ ಹೋಗಿ ನಳ ಬಿಟ್ಟು ನೋಡ್ದ, ಇನ್ನೊಬ್ಬಂವ ಮಂಚದ ಹತ್ರ ಪ್ಲಗ್ ಎಷ್ಟು ಅದಾವು ಅಂತ ಎಣಿಸಿದ, ಮೂರನೇದಾಂವ ಕೇಳಿದ, "ಗೀಸರ್ ಐತೇನ್ರಿ ಅಂಕಲ್, ಕರೆಂಟ್ ಬಿಲ್ ಹೆಂಗ?"

ನಾ ಏನಂದೆ ಅಂದ್ರ, "ಕರೆಂಟಿಂದು ಚಿಂತಿ ಬಿಡ್ರಿ, ಈಗ ಸರ್ಕಾರನ ಫ್ರೀ ಮಾಡೇತಿ, ಬಾಡಿಗಿನ್ಯಾಗ ಎಲ್ಲಾ ಬಂತು."

ಮುಂದಿಂದೆಲ್ಲಾ ಈ ಒಂದು ಮಾತಿಗೆ ಹತ್ತಿದ ದಂಡ. ಸರ್ಕಾರದ ಗೃಹಜ್ಯೋತಿ ಯೋಜನಾ ಆಗಷ್ಟ ಚಾಲೂ ಆಗಿತ್ತು, 200 ಯೂನಿಟ್ ಫ್ರೀ ಅಂತ ಎಲ್ಲಾರ ಬಾಯಾಗೂ ಅದ. ಖರೇ ಅಂದ್ರ ಅದು ಎಲ್ಲಾರಿಗೂ 200 ಅಲ್ಲ. 2022-23ನೇ ಸಾಲಿನ ನಿಮ್ಮ ತಿಂಗಳ ಸರಾಸರಿ ತಗೊಂಡು, ಅದಕ್ಕ ಶೇಕಡಾ 10 ಕೂಡಿಸಿ ಅಷ್ಟ ಫ್ರೀ. ನಮ್ಮದು 90ರ ಸುತ್ತಮುತ್ತ ಇತ್ತು, ಅಂದ್ರ 99 ಫ್ರೀ. ಅದರ ಮ್ಯಾಲ 200ರ ತನಕ ಹೋದ್ರ ಹೆಚ್ಚಿಂದಕ್ಕಷ್ಟ ರೊಕ್ಕ ಕಟ್ಟಬೇಕು, 200 ದಾಟಿತಂದ್ರ ಮೊದಲ ಯೂನಿಟ್‌ನಿಂದ ಪೂರಾ ಬಿಲ್ ನಿಮ್ಮ ತಲಿ ಮ್ಯಾಲ. ನಮ್ಮ ಮನಿಗೆ ಕೆಳಗ ಮ್ಯಾಲ ಸೇರಿ ಒಂದ ಮೀಟರ್ರು, ಬಿಲ್ಲಿಗೆ ಒಂದ ಆರ್‌ಆರ್ ನಂಬರು. ಈಗ ಲೆಕ್ಕ ಹಾಕ್ರಿ, ಗೀಸರ್ ಇರೂದು 2000 ವ್ಯಾಟಿಂದು, ಅರ್ಧ ತಾಸು ನಡದ್ರ ಒಂದು ಯೂನಿಟ್, ಐದು ಮಂದಿ ಒಬ್ಬೊಬ್ರು ಅರ್ಧರ್ಧ ತಾಸು ಹಚ್ಚಿದ್ರ ದಿನಕ್ಕ 5, ತಿಂಗಳಿಗೆ 150, ಇದು ಬರೇ ಜಳಕದ್ದು, ಇದರ ಮ್ಯಾಲ ಇಂಡಕ್ಷನ್ ಒಲಿ, ಫ್ಯಾನು, ಲ್ಯಾಪ್‌ಟಾಪು, ಮತ್ತ ಕೆಳಗ ನಮ್ಮವು ಬ್ಯಾರೆ. ಸೊನ್ನೆ ಬಿಲ್ ಬರ್ತಿದ್ದ ಮನಿಗೆ ಎರಡು ಸಾವಿರದ ಮ್ಯಾಲ ಬಿಲ್ ಬಂದಾಗ ನಾ ಮೀಟರ್ ಕೆಟ್ಟೈತಿ ಅಂತ ತಿಳ್ಕೊಂಡೆ! ಮೀಟರ್ ಚಲೋನ ಇತ್ತು.

ಹುಡುಗ್ರಿಗೆ ಕೇಳೂಣಂದ್ರ ಮಾತು ಕೊಟ್ಟಾಂವ ನಾನ. ಅವ್ರದೇನು ತಪ್ಪು? ಫ್ರೀ ಅಂದ ಮ್ಯಾಲ ಬಳಸೂದ ಬಳಸ್ತಾರ. ನಮ್ಮಾಕಿಗೆ ತಡ್ಕೊಳ್ಳಾಕ ಆಗ್ಲಿಲ್ಲ. ಮ್ಯಾಲಿನ ಗೀಸರ್‌ದ ಎಂಸಿಬಿ ಸ್ವಿಚ್ಚು ಇದ್ದದ್ದು ಕೆಳಗ ನಮ್ಮ ದೇವರ ಮನಿ ಬಾಜೂಕ, ಅಕಿ ಪೂಜಾ ಮುಗಿಸಿ ಏಳೂ ಮುಂದ ಟಕ್ ಅಂತ ಅದನ್ನ ಕೆಳಗ ಮಾಡಿಬಿಡಾಕಿ. ಡಿಸೆಂಬರಿನ್ಯಾಗ ಧಾರವಾಡದ ಥಂಡಿ ಗೊತ್ತಲ್ರಿ, ಮ್ಯಾಲ ಒಬ್ಬಂವ ತಲಿ ತುಂಬ ಶಾಂಪೂ ನೊರಿ, ಸೊಂಟಕ್ಕ ಟವೆಲ್, ಪಾವಟಿಗಿ ಮ್ಯಾಲ ನಿಂತು "ಅಂಟೀ, ಕರೆಂಟ್ ಹೋತೇನ್ರಿ?" ಅಂತ ಕೇಳ್ತಿದ್ರ ಕೆಳಗ ನಮ್ಮ ಟಿವಿ ಜೋರಾಗಿ ಹಾಡ್ತಿತ್ತು. ಅಂವ ಟಿವಿ ಸಪ್ಪಳ ಕೇಳಿದ, ನಮ್ಮಾಕಿ ಮುಖ ನೋಡ್ದ, ಏನೂ ಅನ್ಲಿಲ್ಲ, ತಣ್ಣೀರಾಗ ತಲಿ ತೊಳ್ಕೊಂಡು ಹ್ವಾದ.

ಆಗ ಅವ್ರು ಓದಾಕತ್ತಿದ್ದು 545 ಪಿಎಸ್‌ಐ ಹುದ್ದೆ ಮರುಪರೀಕ್ಷೆಗೆ. 2021ರಾಗ ಬರದಿದ್ದು ಅಕ್ರಮ ಆಗೇತಿ ಅಂತ ರದ್ದಾಗಿ, ಮತ್ತ ಪರೀಕ್ಷಾ ನಡದದ್ದು 2024ರ ಜನವರಿ 23ಕ್ಕ, ಅಂದ್ರ ಎರಡು ವರ್ಷ ಕಾದು ಕುಂತ ಹುಡುಗ್ರು, ಪರೀಕ್ಷಾ ಎದುರಿಗೆ ಐತಿ, ಅಂಥಾ ಹೊತ್ತಿನ್ಯಾಗ ನಮ್ಮ ಮನ್ಯಾಗ ಬಿಸಿನೀರಿನ ಜಗಳ. ಪರೀಕ್ಷಾ ಮುಂದಿಟ್ಕೊಂಡು ಗಂಟುಮೂಟಿ ಕಟ್ಕೊಂಡು ಬ್ಯಾರೆ ಕಡೆ ಹ್ವಾದ್ರು. ನನಗ ಈಗ್ಲೂ ಕೆಡಕ ಅನಿಸೂದು ಬಿಲ್ಲಿಗಲ್ಲ, ಇದಕ್ಕ.

ಅವ್ರು ಹೋದ ಮ್ಯಾಲ ಹೊಸಬ್ರು ಬರ್ತಾರ ಅಂತ ಕುಂತೆ. ಬರ್ಲಿಲ್ಲ. ಆಮ್ಯಾಲ ತಿಳೀತು, ನಮ್ಮ ಓಣಿ ಖಾನಾವಳಿಯಾಗ "ಆ ಮನಿಯವ್ರು ಕರೆಂಟ್ ತಗೀತಾರ" ಅಂತ ಮಾತು ಹಬ್ಬಿತ್ತು. ಒಂದ ಟೇಬಲ್ ಮ್ಯಾಲ ಊಟಕ್ಕ ಕೂಡೂ ಮಂದಿ, ಮಧ್ಯಾಹ್ನ ರೊಟ್ಟಿ ಮುರಿಯೂದ್ರಾಗ ಸುದ್ದಿ ಊರೆಲ್ಲಾ. ನೀವು ಎರಡು ಲಕ್ಷ ಖರ್ಚು ಮಾಡಿ ಮನಿ ಚಂದ ಮಾಡಿದ್ರೂ ಇಂಥಾ ಒಂದು ಮಾತು ಅದನ್ನ ತಿಂದು ಹಾಕ್ತೈತಿ. ಹಂಗಾಗಿ ಹುಡುಗ್ರಿಗೆ ಸೇರೂ ಹಂಗ ಮನಿ ಮಾಡೂದು ಅನ್ನೂ ನಿಮ್ಮ ವಿಚಾರನ ನನಗ ಸೇರಂಗಿಲ್ಲ. ನಿಮ್ಮ ಮನಿಗೆ ಗಿರಾಕಿ ತರಾಂವ ಬಿಟ್ಟು ಹೋಗೂ ಹುಡುಗ, ಬಣ್ಣ ಅಲ್ಲ.

ನಾ ಆಮ್ಯಾಲ ಮಾಡಿದ್ದು: ಕರೆಂಟ್ ಕಂಪನಿ ಹೆಸ್ಕಾಂನಾಗ ಅರ್ಜಿ ಹಾಕಿ ಮ್ಯಾಲಿನ ಮನಿಗೆ ಬ್ಯಾರೆ ಮೀಟರ್. ಎಂಸಿಬಿ ಬಾಕ್ಸ್ ಸೈತ ಮ್ಯಾಲಕ್ಕ ಹೋತು, ನಮ್ಮಾಕಿ ಕೈಗೆ ಸಿಗದಂಗ. ಹೊಸ ಮೀಟರಿಗೆ ಹಿಂದಿನ ಲೆಕ್ಕ ಇರಂಗಿಲ್ಲ, ಸರಾಸರಿ 53 ಅಂತ ಹಿಡಿದು 58 ಯೂನಿಟ್ ಫ್ರೀ, ಬಾಡಿಗಿ ಕರಾರು ಇದ್ರ ಹುಡುಗ್ರೊಳಗ ಒಬ್ಬಂವ ತನ್ನ ಆಧಾರ್ ಕೊಟ್ಟು ನೋಂದಣಿ ಮಾಡ್ಸಬಹುದು, ಬಿಟ್ಟು ಹೋಗೂ ಮುಂದ ಅದನ್ನ ಡಿ-ಲಿಂಕ್ ಮಾಡ್ಸಾಕ ನೆನಪ ಮಾಡ್ರಿ. ಉಳಿದ ಬಿಲ್ ಅವ್ರವ್ರ ಹಂಚ್ಕೊಂಡು ಕಟ್ತಾರ, ಈಗ ಗೀಸರ್ ಬಂದ್ ಮಾಡ್ರಿ ಅಂತ ಯಾರೂ ಯಾರಿಗೂ ಹೇಳೂ ಹಂಗಿಲ್ಲ. ಸೋಲಾರ್ ಹಾಕಿಸಿದ್ರ ಇನ್ನೂ ಚಲೋ, ಆದ್ರ ಆಷಾಢದ ಜಿಟಿಜಿಟಿ ಮಳಿ ಹಿಡೀತಂದ್ರ ವಾರಗಟ್ಟಲೆ ಬಿಸಿಲಿರಂಗಿಲ್ಲ, ಅದನ್ನೊಂದ ನಂಬ್ಕೊಂಡು ಗೀಸರ್ ತಗೀಬ್ಯಾಡ್ರಿ.

ಎರಡನೇದು ನೀರು. ಹುಬ್ಬಳ್ಳಿ-ಧಾರವಾಡದಾಗ ಕೆಲವು ವಾರ್ಡಿಗೆ 24 ತಾಸು ಮಲಪ್ರಭಾ ನೀರು, ಉಳಿದವ್ರು ದಿನ ಎಣಿಸ್ಕೋತ ಕೂಡೂದು. ಒಬ್ಬಂಗ ದಿನಕ್ಕ 100 ಲೀಟರ್ ಹಿಡಿದ್ರ ನೀರು ಆರು ದಿನಕ್ಕೊಮ್ಮೆ ಬಂತಂದ್ರ ಐದು ಮಂದಿಗೆ 3000 ಲೀಟರ್ ಬೇಕು, ಮಾಳಿಗಿ ಮ್ಯಾಲಿನ 500 ಲೀಟರ್ ಟ್ಯಾಂಕಿನ್ಯಾಗ ಏನಾಗ್ತೈತ್ರಿ? ನಿಮ್ಮ ಮಾಡ್ಯುಲರ್ ಕಿಚನ್ ರೊಕ್ಕ ಟ್ಯಾಂಕಿಗೆ ಹಾಕ್ರಿ. ಅವ್ರು ಉಣ್ಣೂದು ಖಾನಾವಳಿಯಾಗ, ಮನ್ಯಾಗ ಮಾಡೂದು ಚಹಾ, ಮ್ಯಾಗಿ, ತತ್ತಿ ಅಷ್ಟ. ಬದ್ಲಿಗೆ ಒಂದು ಇಲಿ ಹೋಗದಂಥಾ ಕಪಾಟು ಮಾಡಿಸ್ರಿ, ಯಾಕಂದ್ರ ಊರಿಂದ ಅವ್ವಂದ್ರು ಬಸ್ಸಿನ್ಯಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಸ್ತಾರ, ಅದನ್ನಿಡಾಕ ಜಾಗಾ ಬೇಕ ಬೇಕು. ಮತ್ತ ಮಳಿಗಾಲಕ್ಕ ಅರಬಿ ಒಣಗಿಸಾಕ ಒಳಗ ಎರಡು ಹಗ್ಗ.

ಟಿವಿ ಬ್ಯಾಡ, ಒಬ್ಬಂವ ಓದೂ ಮುಂದ ಇನ್ನೊಬ್ಬಂವ ಕ್ರಿಕೆಟ್ ಹಚ್ಚಿ ಜಗಳ ಆಗ್ತಾವು. ಸ್ಟಡಿ ಟೇಬಲ್ ಐದೈದು ಮಾಡಿಸ್ಬೇಕು ಅಂತಾರ, ನಾ ಒಪ್ಪಂಗಿಲ್ಲ, ಅರ್ಧ ಮಂದಿ ಮುಂಜಾನಿಂದ ರಾತ್ರಿತನಕ ಲೈಬ್ರರಿಯಾಗ ಇರ್ತಾರ, ಮನಿಗೆ ಬರೂದು ಮಲಗಾಕ, ಎರಡು ಸಾಕು. ಮಂಚದ ಬಾಜೂಕ ಪ್ಲಗ್ ಮಾತ್ರ ಎಲ್ಲಾರಿಗೂ ಹಾಕಿಸ್ರಿ.

ನಿಮ್ಮೂರು ಯಾವ್ದು ಅಂತ ಬರ್ದಿಲ್ಲ. ಎಂಜಿನಿಯರಿಂಗ್ ಕಾಲೇಜ್ ಹುಡುಗ್ರಾದ್ರ ಸೂಟಿಯಾಗ ಊರಿಗೆ ಹೋಗ್ತಾರ, ಎರಡು ತಿಂಗಳ ಬಾಡಿಗಿ ಸಲುವಾಗಿ ಗುದ್ದಾಟ ಇದ್ದದ್ದ, ಕರಾರಿನ್ಯಾಗ ಮೊದ್ಲ ಬರೀರಿ. ಕಾಂಪಿಟೇಟಿವ್ ಎಕ್ಸಾಮ್ ಹುಡುಗ್ರಿಗೆ ಸೂಟಿ ಅನ್ನೂದ ಇಲ್ಲ, ನೋಟಿಫಿಕೇಶನ್ ತಡಾ ಆದಷ್ಟು ಇನ್ನೂ ಒಂದು ವರ್ಷ ಇರ್ತಾರ. ಅಡ್ವಾನ್ಸ್ ಭಾಳ ಹೇಳ್ಬ್ಯಾಡ್ರಿ, ಆ ರೊಕ್ಕ ಅಪ್ಪ ಹೊಲದ ಮ್ಯಾಲ ಸಾಲಾ ತಗದು ಕೊಟ್ಟಿದ್ದಿರ್ತೈತಿ.

ಬೋರ್ಡ್ ಗೇಟಿಗೆ ಹಾಕಿ ಕೂಡಬ್ಯಾಡ್ರಿ, ಖಾನಾವಳಿ ಕ್ಯಾಶ್ ಕೌಂಟರ್ ಹತ್ರ ಒಂದು ಚೀಟಿ ಹಚ್ರಿ, ಝೆರಾಕ್ಸ್ ಅಂಗಡಿಯವ್ನಿಗೆ ಒಂದು ಮಾತು ಹೇಳಿಡ್ರಿ. ಚೀಟಿ ಮ್ಯಾಲ "ಮೀಟರ್ ಬ್ಯಾರೆ, 3000 ಲೀಟರ್ ಟ್ಯಾಂಕ್" ಅಂತ ದಪ್ಪ ಅಕ್ಷರದಾಗ ಬರೀರಿ, ಫೋನ್ ನಂಬರ್ ಕೆಳಗಿರ್ಲಿ.