ಹೊಸ ಹೈಬ್ರಿಡ್ ಸೈಕಲ್ಲಿನ ಹ್ಯಾಂಡಲ್ ಎತ್ತರಿಸಲು ಆಗಲ್ಲ ಅಂತಾರೆ ಅಂಗಡಿಯವರು. ನಿಜವಾ? ಕತ್ತು ನೋವು, ಅಂಗೈಗೆ ಜೋಮು.

ಅರ್ಧ ನಿಜ. ಆದರೆ ಹ್ಯಾಂಡಲ್‌ಗೆ ಕೈ ಹಾಕುವ ಮೊದಲು ಸೀಟು ನೋಡಿ.

ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಅಂಗೈ ಮೇಲೆ ಬೀಳುತ್ತದೆ. ಎಷ್ಟೋ ಸಲ ಜೋಮಿಗೆ ಇದೇ ಕಾರಣ. ಸೀಟನ್ನು ಮಟ್ಟಸವಾಗಿ ಇಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಎತ್ತರಕ್ಕೆ ಅಷ್ಟು ಲೆಕ್ಕ ಸಾಕು. ಹ್ಯಾಂಡಲ್ ಮೇಲೆ ಬರಲಿಲ್ಲ ಅಂತ ಸೀಟನ್ನೇ ತಗ್ಗಿಸಬೇಡಿ, ಕತ್ತಿನ ನೋವು ಮಂಡಿಗೆ ಇಳಿಯುತ್ತದೆ ಅಷ್ಟೇ.

ಈಗ ಹ್ಯಾಂಡಲ್. ಹಳೇ ಸೈಕಲ್‌ಗಳಲ್ಲಿ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ಭಾಗ) ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲಿನ, ಕೊಳವೆಯ ಒಳಗೆ ಇಳಿದಿರುತ್ತದೆ, ಮೇಲೆ ಒಂದೇ ಬೋಲ್ಟು. ನಮ್ಮ ಮನೆಯ ಹಳೇ ಸೈಕಲ್ಲೂ ಹಾಗೇ. ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿದರೂ ಹ್ಯಾಂಡಲ್ ಜಪ್ಪಯ್ಯ ಅನ್ನಲ್ಲ, ಒಳಗೆ ಬೆಣೆ ಕಚ್ಚಿಕೊಂಡಿರುತ್ತದೆ. ಮೇಲೆದ್ದ ಬೋಲ್ಟಿನ ತಲೆಗೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಅದು ಟಕ್ ಅಂತ ಕೆಳಗೆ ಕೂರುತ್ತದೆ, ಬೆಣೆ ಬಿಡುತ್ತದೆ. ಆಮೇಲೆ ತಿರುಗಿಸುತ್ತಾ ಎತ್ತಬಹುದು. ಸ್ಟೆಮ್ ಮೇಲಿನ ಮಿತಿಯ ಗೀರು ಮಾತ್ರ ಹೊರಗೆ ಕಾಣಬಾರದು. ಕಂಬಿ ಬ್ರೇಕಿನ ಸೈಕಲ್ಲಾದರೆ ಕಂಬಿಯೂ ಜೊತೆಗೇ ಮೇಲೇಳುತ್ತದೆ, ಬ್ರೇಕನ್ನೂ ಹೊಂದಿಸಿಕೊಳ್ಳಬೇಕು.

ನಿಮ್ಮದು ಹಾಗಲ್ಲ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಸ್ಟೆಮ್ ಆ ಕೊಳವೆಯನ್ನು ಹೊರಗಿನಿಂದ ತಬ್ಬಿಕೊಂಡಿರುತ್ತದೆ, ಪಕ್ಕದಲ್ಲಿ ಎರಡು ಬೋಲ್ಟು. ಕೊಳವೆಯನ್ನು ಎಷ್ಟಕ್ಕೆ ಕತ್ತರಿಸಿದ್ದಾರೋ ಅಷ್ಟೇ ಎತ್ತರ. ಅಂಗಡಿಯವರು ಹೇಳಿದ್ದು ಇದನ್ನೇ ಇರಬೇಕು. ಆದರೂ ದಾರಿಗಳಿವೆ. ಸ್ಟೆಮ್ಮಿನ ಮೇಲ್ಗಡೆ ಉಂಗುರದಂಥ ಸ್ಪೇಸರ್ ಇದ್ದರೆ ಅವನ್ನು ಕೆಳಗೆ ಹಾಕಿ. ಸ್ಟೆಮ್ ಕೆಳಮುಖವಾಗಿದ್ದರೆ ಮಗುಚಿ ಹಾಕಿ, ಒಂದು ಪೈಸೆ ಖರ್ಚಿಲ್ಲದೆ ಎರಡು ಮೂರು ಸೆಂಟಿಮೀಟರ್ ಸಿಕ್ಕರೂ ಸಿಕ್ಕೀತು. ಎರಡೂ ಆಗದಿದ್ದರೆ ಹೆಚ್ಚು ಕೋನದ, ಗಿಡ್ಡ ಸ್ಟೆಮ್ ಕೊಳ್ಳಿ. ಗಿಡ್ಡದ್ದು ಅಂದದ್ದು ಯಾಕೆಂದರೆ, ಕತ್ತು ನೋವಿಗೆ ಹ್ಯಾಂಡಲ್ ತಗ್ಗಾಗಿರುವುದಷ್ಟೇ ಅಲ್ಲ, ದೂರ ಇರುವುದೂ ಕಾರಣ. ಕೊಳವೆಗೆ ಜೋಡಿಸುವ ಎಕ್ಸ್‌ಟೆಂಡರ್ ಕೂಡ ಸಿಗುತ್ತದೆ. ನನಗೆ ಅದು ಅಷ್ಟಾಗಿ ಇಷ್ಟವಿಲ್ಲ, ಕಾರ್ಬನ್ ಫೋರ್ಕಿಗಂತೂ ಬೇಡವೇ ಬೇಡ.

ಜೋಡಿಸುವಾಗ ಕ್ರಮ ಮುಖ್ಯ. ಮೇಲಿನ ಮುಚ್ಚಳದ ಬೋಲ್ಟು ಹ್ಯಾಂಡಲನ್ನು ಹಿಡಿಯುವುದಲ್ಲ, ಬೇರಿಂಗಿನ ಸಡಿಲ ತೆಗೆಯುವುದು. ಮೊದಲು ಅದನ್ನು ಹಗುರವಾಗಿ ಬಿಗಿ ಮಾಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಕಟಕಟ ಅನ್ನಬಾರದು, ಹ್ಯಾಂಡಲ್ ತಿರುಗಲು ಬಿಗಿಯೂ ಆಗಬಾರದು. ಚಕ್ರಕ್ಕೆ ನೇರ ಮಾಡಿ, ಆಮೇಲೆ ಪಕ್ಕದ ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ (ಬೋಲ್ಟಿನ ಬಿಗಿಯ ಅಳತೆ) ಆಸುಪಾಸು, ಸ್ಟೆಮ್ ಮೇಲೆ ಬೇರೆ ಅಂಕಿ ಇದ್ದರೆ ಅದೇ ಸರಿ.

ಒಂದೇ ಸಲಕ್ಕೆ ಪೂರ್ತಿ ಎತ್ತಬೇಡಿ. ಒಂದು ಸೆಂಟಿಮೀಟರ್ ಎತ್ತಿ, ಒಂದು ವಾರ ಓಡಿಸಿ ನೋಡಿ. ಜಾಸ್ತಿ ಎತ್ತಿದರೆ ಮೈಭಾರವೆಲ್ಲ ಸೀಟಿಗೆ ಹೋಗುತ್ತದೆ, ಪ್ರತಿ ಹಂಪ್‌ಗೂ ಸೊಂಟಕ್ಕೆ ಏಟು. ನನಗೆ ಸೀಟಿನ ಮಟ್ಟಕ್ಕೆ ಹಿಡಿ ಇದ್ದರೆ ಹಿತ, ನಿಮಗೆ ಕೊಂಚ ಮೇಲೆ ಬೇಕಾಗಬಹುದು. ಪ್ರತಿ ಸಲ ಎತ್ತಿದ ಮೇಲೂ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬ್ರೇಕ್, ಗೇರ್ ಕೇಬಲ್ ಎಳೆದುಕೊಂಡರೆ ಉದ್ದದ ಕೇಬಲ್ ಹಾಕಿಸದೆ ರಸ್ತೆಗೆ ಇಳಿಯಬೇಡಿ.