ಗಡಸು ನೀರಿನ ಊರಿನಲ್ಲಿ ಮಲಾವಿ ಸಿಕ್ಲಿಡ್‌ಗಳು ತೊಟ್ಟಿ ತೊಳೆದಾಗಲೆಲ್ಲ ಸಾಯುತ್ತಿವೆ, ಏನು ಮಾಡಲಿ?

ಚಿಕ್ಕಬಳ್ಳಾಪುರದ ನಿಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಇದೆ, ಅದರಲ್ಲಿ ಆಫ್ರಿಕದ ಮಲಾವಿ ಸರೋವರದ ಹದಿನಾಲ್ಕು ಸಿಕ್ಲಿಡ್ ಮೀನುಗಳಿದ್ದವು, ತಿಂಗಳಿಗೊಮ್ಮೆ ನೀರನ್ನೆಲ್ಲ ಚೆಲ್ಲಿ ಕಲ್ಲು, ಮರಳು, ಫಿಲ್ಟರ್‌ಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಕೊಳವೆಬಾವಿಯ ಹೊಸ ನೀರು ತುಂಬಿಸುತ್ತೀರಿ, ಆದರೂ ತೊಳೆದ ಮೂರು ನಾಲ್ಕು ದಿನಗಳಲ್ಲಿ ಒಂದೆರಡು ಮೀನು ಸಾಯುತ್ತವೆ, ಈಗ ಒಂಬತ್ತು ಮಾತ್ರ ಉಳಿದಿವೆ ಎಂದು ಬರೆದಿದ್ದೀರಿ. ನೀರಿನ ಗಡಸುತನವೇ ಕಾರಣ, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಇಳಿಸುವ ದ್ರಾವಣ ಹಾಕಿ ಎಂದು ಅಂಗಡಿಯವರು ಹೇಳಿದ್ದು ಸರಿಯೇ ಎಂದು ಕೇಳಿದ್ದೀರಿ.

ಕೋಲಾರದಲ್ಲಿ ಹನ್ನೊಂದು ವರ್ಷಗಳಿಂದ ಇದೇ ಬಗೆಯ ನೀರಿನಲ್ಲಿ ಇವೇ ಮೀನುಗಳನ್ನು ಸಾಕಿಕೊಂಡು ಬಂದಿರುವ ಅನುಭವದಿಂದ ಹೇಳುತ್ತೇನೆ, ಆ ದ್ರಾವಣವನ್ನು ದಯವಿಟ್ಟು ಹಾಕಬೇಡಿ. ನಿಮ್ಮ ಮೀನುಗಳನ್ನು ಕೊಲ್ಲುತ್ತಿರುವುದು ನೀವು ಅಷ್ಟು ಶ್ರದ್ಧೆಯಿಂದ ಮಾಡುತ್ತಿರುವ ತೊಳೆಯುವ ಕೆಲಸವೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಗಡಸುತನದ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಎರಡೂ ಜಿಲ್ಲೆಗಳಲ್ಲಿ ನೀರು ಬರುವುದು ಬಹುಮಟ್ಟಿಗೆ ಆಳದ ಕೊಳವೆಬಾವಿಗಳಿಂದ. ಸಾವಿರ ಅಡಿ ದಾಟಿದ ಬಾವಿಗಳು ಇಲ್ಲಿ ಅಪರೂಪವೇನಲ್ಲ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹೊಪ್ಪಳೆ ಅದೇ. ಮಲಾವಿ ಸರೋವರದ ನೀರಿನ ಪಿಎಚ್ ಸುಮಾರು 7.7ರಿಂದ 8.6ರವರೆಗೆ ಇರುತ್ತದೆ. ಅದು ನಮ್ಮ ನೀರಿನಷ್ಟು ಗಡಸಲ್ಲದಿದ್ದರೂ ಕ್ಷಾರೀಯವಾದದ್ದು, ಆದ್ದರಿಂದ ಅಲ್ಲಿಯ ಮೀನುಗಳು ನಮ್ಮ ನೀರಿಗೆ ಚೆನ್ನಾಗಿ ಒಗ್ಗಿಕೊಳ್ಳುತ್ತವೆ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು ಕೂಡ ಆಫ್ರಿಕದಿಂದ ಬಂದ ಸಿಕ್ಲಿಡ್ ಕುಟುಂಬದ್ದೇ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ನೀವು ಮೆದು ನೀರು ಬಯಸುವ ಅಮೆಜಾನಿನ ಡಿಸ್ಕಸ್ ಮೀನು ಸಾಕುವವರಾಗಿದ್ದರೆ ಆರ್‌ಒ ನೀರು ಬೆರೆಸಿ ಎನ್ನುತ್ತಿದ್ದೆ.

ಪಿಎಚ್ ಇಳಿಸುವ ದ್ರಾವಣವೆಂದರೆ ಒಂದು ಆಮ್ಲ. ಅದನ್ನು ಸುರಿದಾಗ ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ನುಂಗಿಹಾಕುತ್ತದೆ. ಸಂಜೆ ಇಳಿದ ಪಿಎಚ್ ಬೆಳಗಾಗುವ ಹೊತ್ತಿಗೆ ಮತ್ತೆ ಏರಿರುತ್ತದೆ. ಸ್ಥಿರವಾದ 8.4ರಲ್ಲಿ ನೆಮ್ಮದಿಯಾಗಿ ಬದುಕುವ ಮೀನು ದಿನಕ್ಕೊಮ್ಮೆ ಹೀಗೆ ಏರಿಳಿಯುವ ನೀರಿನಲ್ಲಿ ಬಳಲುತ್ತದೆ.

ಇನ್ನು ಸಾವಿನ ಕಾರಣ. ಮೀನಿನ ಕಿವಿರುಗಳಿಂದಲೂ, ತಿನ್ನದೆ ಬಿಟ್ಟ ಆಹಾರ ಕೊಳೆಯುವುದರಿಂದಲೂ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಫಿಲ್ಟರಿನ ಸ್ಪಂಜು, ಕಲ್ಲು, ಮರಳುಗಳ ಮೇಲೆ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಎರಡೂ ಬಳಗಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ನಾಲ್ಕು ವಾರಕ್ಕೊಮ್ಮೆ ಎಲ್ಲವನ್ನೂ ತಿಕ್ಕಿ ತೊಳೆಯುತ್ತೀರಿ, ಎಂದರೆ ಅವು ಇನ್ನೇನು ಬೇರೂರಿದವು ಎನ್ನುವ ಹೊತ್ತಿಗೆ ಪ್ರತಿ ಸಲವೂ ಅವುಗಳನ್ನು ಚರಂಡಿಗೆ ಹರಿಸುತ್ತಿದ್ದೀರಿ. ನೀರು ಕನ್ನಡಿಯಂತೆ ಕಾಣುತ್ತಿರುವಾಗಲೇ ಅದರಲ್ಲಿ ಅಮೋನಿಯ ಕೂಡುತ್ತದೆ. ಮೂರನೆಯ, ನಾಲ್ಕನೆಯ ದಿನ ಮೀನು ಸಾಯುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಗಡಸು ನೀರಿನವರಾದ ನಾವು ಮರೆಯಬಾರದ ಸಂಗತಿ ಇಲ್ಲೇ ಇದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ, ಅದರಲ್ಲಿ ಕಿವಿರನ್ನು ಸುಡುವ ವಿಷರೂಪದ ಪಾಲು ಪಿಎಚ್ ಏರಿದಂತೆ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇರುವಾಗ ಒಟ್ಟು ಅಮೋನಿಯದಲ್ಲಿ ಶೇ. 0.6ರಷ್ಟು ಮಾತ್ರ ಆ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 5ನ್ನು ಮೀರುತ್ತದೆ, 8.4ರಲ್ಲಿ ಶೇ. 12ರ ಆಸುಪಾಸಿಗೆ ಬರುತ್ತದೆ. ಮೆದು ನೀರಿನ ಊರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಲೀಟರಿಗೆ ಒಂದು ಮಿಲಿಗ್ರಾಂ ಅಮೋನಿಯ ನಮ್ಮಲ್ಲಿ ಅದರ ಪ್ರಾಣ ತೆಗೆಯಬಲ್ಲದು. ಆದುದರಿಂದ ನಮ್ಮ ಭಾಗದಲ್ಲಿ ಅಮೋನಿಯ ಸೊನ್ನೆಯೇ ಇರಬೇಕು, ಸ್ವಲ್ಪ ಇದ್ದರೆ ಪರವಾಗಿಲ್ಲ ಎಂಬ ಮಾತಿಗೆ ಅವಕಾಶವಿಲ್ಲ. ಅಮೋನಿಯ ಮತ್ತು ನೈಟ್ರೈಟ್ ಅಳೆಯುವ ಹನಿ ಹಾಕಿ ನೋಡುವ ಕಿಟ್ ಒಂದನ್ನು ಕೊಳ್ಳಿ. ಒಂದು ಮೀನಿನ ಬೆಲೆಗಿಂತ ಅದಕ್ಕೆ ಹೆಚ್ಚಾದರೂ ಅದಿಲ್ಲದೆ ನಾವು ಕತ್ತಲಲ್ಲಿ ಕೈಯಾಡಿಸುತ್ತಿರುತ್ತೇವೆ.

ಹಾಗಾದರೆ ಶುಚಿ ಮಾಡುವುದು ಹೇಗೆ? ನಿಮ್ಮ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಸುಮಾರು 220 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ ಅದರಲ್ಲಿ 60 ಲೀಟರಿನಷ್ಟನ್ನು ಪೈಪಿನಿಂದ ಹೀರಿ ತೆಗೆಯಿರಿ, ಹೀರುವಾಗ ಪೈಪಿನ ಬಾಯನ್ನು ಮರಳಿನ ಮೇಲಾಡಿಸಿದರೆ ಕಸವೂ ಬರುತ್ತದೆ. ಫಿಲ್ಟರಿನ ಸ್ಪಂಜನ್ನು ಹೀಗೆ ತೆಗೆದ ನೀರು ತುಂಬಿದ ಬಕೆಟ್‌ನಲ್ಲೇ ಎರಡು ಮೂರು ಬಾರಿ ಹಿಂಡಿ ಮರಳಿ ಜೋಡಿಸಿ, ಅದೂ ನೀರಿನ ಹರಿವು ಕುಗ್ಗಿದಾಗ ಮಾತ್ರ. ಸ್ಪಂಜಿನ ಕಂದುಬಣ್ಣ ಹೋಗಬೇಕಾಗಿಲ್ಲ. ಕಲ್ಲುಗಳ ಮೇಲಿನ ಹಸಿರು ಪಾಚಿಯನ್ನೂ ಬಿಟ್ಟುಬಿಡಿ, ಮಲಾವಿಯ ಬಂಡೆಗಳ ನಡುವೆ ಬದುಕುವ ‘ಎಂಬುನ’ ಎಂಬ ಗುಂಪಿನ ಸಿಕ್ಲಿಡ್‌ಗಳಿಗೆ ಅದೇ ಮೇವು. ಗಾಜನ್ನು ಮಾತ್ರ ಒರೆಸಿದರೆ ಸಾಕು. ತೆಗೆದ ನೀರನ್ನು ಗಿಡಗಳಿಗೆ ಹಾಕಿ. ನಮ್ಮ ಕರಿಬೇವು ಆ ನೀರಿನಲ್ಲೇ ಚಿಗುರುತ್ತಿದೆ.

ತುಂಬಿಸುವ ನೀರಿನ ವಿಷಯದಲ್ಲಿ ನಾನು ಕಲಿತದ್ದು ನೋವಿನಿಂದ. ಒಂದು ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿ, ಟ್ಯಾಂಕರ್ ನೀರು ಹಾಕಿಸಿದ್ದೆವು. ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆತಿರಬಹುದೆಂದು ಯೋಚಿಸದೆ ಸಂಪಿನಿಂದ ನೇರವಾಗಿ ತೊಟ್ಟಿಗೆ ಬಿಟ್ಟೆ. ರಾತ್ರಿಯೊಳಗೆ ಆರು ಮೀನುಗಳು ಹೋದವು, ಉಳಿದವು ಮೇಲ್ಮೈಯಲ್ಲಿ ಬಾಯಿ ತೆರೆದು ಒದ್ದಾಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಂದಿನಿಂದ ನಗರಸಭೆಯ ನಲ್ಲಿಯದೋ ಟ್ಯಾಂಕರಿನದೋ ಆದ ಯಾವ ನೀರಿಗೂ 100 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಸೋಡಿಯಂ ಥಯೋಸಲ್ಫೇಟ್ ಹರಳು, ಅಂಗಡಿಗಳಲ್ಲಿ ಹೈಪೋ ಎನ್ನುವುದನ್ನು, ಕರಗಿಸದೆ ತೊಟ್ಟಿಗೆ ಬಿಡುವುದಿಲ್ಲ. ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯುವಷ್ಟಿದ್ದರೆ ಅದನ್ನು ಇಮ್ಮಡಿ ಮಾಡುತ್ತೇನೆ.

ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಆಳದಿಂದ ಬಂದ ಕೂಡಲೇ ಅದರಲ್ಲಿ ಆಮ್ಲಜನಕ ತೀರ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಒಂದು ಡ್ರಮ್ಮಿನಲ್ಲಿ ತುಂಬಿ, ಗಾಳಿಯ ಗುಳ್ಳೆ ಬಿಡುವ ಗಾಳಿಕಲ್ಲು ಇಳಿಬಿಟ್ಟು ಒಂದು ದಿನ ಪಂಪು ನಡೆಸಿ, ಆಮೇಲೆ ಬಳಸಿ. ಬೇಸಾಯದ ಪ್ರದೇಶವಾದ್ದರಿಂದ ಬಾವಿಯ ನೀರಿನಲ್ಲೇ ನೈಟ್ರೇಟ್ ಇರಬಹುದು, ಅದನ್ನು ಒಮ್ಮೆ ಅಳೆದುಕೊಳ್ಳಿ. ತೊಟ್ಟಿಯಲ್ಲಿ ಅದು ಲೀಟರಿಗೆ 40 ಮಿಲಿಗ್ರಾಂ ಒಳಗಿರುವಂತೆ ನಾನು ನೋಡಿಕೊಳ್ಳುತ್ತೇನೆ. ಬಾವಿಯಲ್ಲೇ ಅಷ್ಟಿದ್ದರೆ ನೀರು ಬದಲಿಸಿ ಪ್ರಯೋಜನವಾಗದು, ಮಳೆನೀರು ಬೆರೆಸಬೇಕಾಗುತ್ತದೆ.

ಕರೆಂಟು ಹೋಗುವುದು ನಮ್ಮಲ್ಲಿ ಇದ್ದದ್ದೇ. ಫಿಲ್ಟರ್ ನಿಂತರೆ ಬ್ಯಾಕ್ಟೀರಿಯಾಗಳಿಗೂ ಉಸಿರು ಕಟ್ಟುತ್ತದೆ, ಆದ್ದರಿಂದ ಬ್ಯಾಟರಿಯ ಗಾಳಿಪಂಪಿಗೆ ಜೋಡಿಸಿದ ಒಂದು ಸ್ಪಂಜ್ ಫಿಲ್ಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕು, 25 ಡಿಗ್ರಿ ಸಾಕು. ಆಹಾರವನ್ನು ದಿನಕ್ಕೆರಡು ಬಾರಿ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ.

ಉಳಿದ ಒಂಬತ್ತು ಮೀನುಗಳಿಗಾಗಿ ಇಂದೇ ಮಾಡಬೇಕಾದದ್ದು ಇದು. ಫಿಲ್ಟರ್ ಮುಟ್ಟಬೇಡಿ, ಎರಡು ದಿನ ಆಹಾರ ಹಾಕಬೇಡಿ, ಗಾಳಿ ಹೆಚ್ಚಿಸಿ, ಅಮೋನಿಯ ಅಥವಾ ನೈಟ್ರೈಟ್ ಕಾಣುತ್ತಿರುವಷ್ಟು ಕಾಲವೂ ದಿನಕ್ಕೆ ಕಾಲು ಭಾಗ ನೀರು ಬದಲಿಸಿ. ನೈಟ್ರೈಟ್ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡ್ ಅದು ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ. ಹಾಗಾಗಿ ನೈಟ್ರೈಟ್ ಕಂಡರೆ 10 ಲೀಟರಿಗೆ 5 ಗ್ರಾಂನಂತೆ ಕಲ್ಲುಪ್ಪನ್ನು ಕರಗಿಸಿ ಹಾಕಿ. ಪರಿಚಯದವರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ, ಆರು ವಾರದ ಕಾಯುವಿಕೆ ಬಹಳಷ್ಟು ತಗ್ಗುತ್ತದೆ. ಸತ್ತವುಗಳ ಜಾಗಕ್ಕೆ ಹೊಸ ಮೀನು ತರುವುದನ್ನು, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸತತ ಎರಡು ವಾರ ಸೊನ್ನೆ ತೋರಿಸುವವರೆಗೆ ಮುಂದೂಡಿ.