ಇಂಟರ್ನ್‌ಶಿಪ್ ಅಂದ್ರೆ ಬರೀ ಜೆರಾಕ್ಸಾ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ, ಊರು ಸೇಡಂ ಹತ್ತಿರ. ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರದಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. ಕಾನೂನು ಓದಿದವರಿಗೆ ಮಾತ್ರವಾ? ಸುಮ್ನೆ ಜೆರಾಕ್ಸ್ ಮಾಡಿಸಿ ಕಳಿಸುತ್ತಾರೆ ಅಂತಾಳೆ ಗೆಳತಿ.

ಉತ್ತರ: ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ ತಂಗಿ, ಮೊದಲ ವಾರ ಫೈಲ್ ಜೋಡಿಸುವುದೇ ಜಾಸ್ತಿ. ಆದರೆ ಇಂಥ ಕಡೆ ಕಾನೂನು ಗೊತ್ತಿರುವವರಷ್ಟೇ ಜನರ ಮಾತು ಗೊತ್ತಿರುವವರೂ ಬೇಕು. ಕೂಲಿ ಹೆಂಗಸೊಬ್ಬಳು ‘ಮುಂಗಡ ತಗೊಂಡೀವ್ರಿ, ಹೆಂಗ ಬಿಟ್ಟು ಹೋಗ್ಲಿ?’ ಅಂದಳು ಅಂತಿಟ್ಟುಕೊಳ್ಳಿ. ನೀವು ‘ಸಾಲವಿದೆ’ ಅಂತಷ್ಟೇ ಬರೆದುಕೊಂಡರೆ ಕಥೆಯೇ ಹಾಳು. ಮುಂಗಡದ ಹೆಸರಲ್ಲಿ ಕೆಲಸ ಬಿಟ್ಟು ಹೋಗದಂತೆ ಕಟ್ಟಿಹಾಕಿದ್ದರೆ ಅದು 1976ರ ಕಾಯ್ದೆ ಪ್ರಕಾರ ಜೀತ, ಆ ಸಾಲ ತೀರಿಸಬೇಕಾಗಿಯೇ ಇಲ್ಲ. ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದುಕೊಳ್ಳುವುದೇ ನಿಮ್ಮ ಮುಖ್ಯ ಕೆಲಸ. ಉರ್ದು ಬಂದರೆ ಇನ್ನೂ ಒಳ್ಳೆಯದು, ಅರ್ಜಿಯಲ್ಲಿ ಮರೆಯದೆ ಬರೆಯಿರಿ. ಕಷ್ಟ ಹೇಳಿಕೊಂಡವರ ಹೆಸರು, ಫೋಟೊ ಮಾತ್ರ ನಿಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಬರಬಾರದು!

ಸೇರುವ ಮುಂಚೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆದು ನೋಡಿ. ಶುಲ್ಕ 10 ರೂಪಾಯಿ, ನಮ್ಮ ರಾಜ್ಯದಲ್ಲಿ 150 ಪದ ಮೀರುವಂತಿಲ್ಲ, ಅಷ್ಟರಲ್ಲಿ ಪ್ರಶ್ನೆ ಕೇಳುವುದು ಒಳ್ಳೆ ಕಸರತ್ತು. ಸ್ಟೈಪೆಂಡ್ ಉಂಟಾ ಅಂತ ನಾಚಿಕೆ ಬಿಟ್ಟು ಕೇಳಿ. ಬಸ್ಸಿಗಂತೂ ಶಕ್ತಿ ಯೋಜನೆ ಇದೆಯಲ್ವಾ. ಇಲ್ಲಿ ಸೀಟು ಸಿಗದಿದ್ದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ಇದೆ, ಅರ್ಹತೆ ಓದಿಕೊಂಡು ಅರ್ಜಿ ಹಾಕಿ.